ತೆಳು ಹನಿ, ಮಂದ ಹನಿ

ನನ್ನ ಹೊಲಿಗೆ ಯಂತ್ರದ ಬಲಬದಿಯ ಪುಟ್ಟ ಡ್ರಾಯರಿನಲ್ಲಿ ಬಾಬಿನ್ನುಗಳು, ಮೊನೆ ಮುರಿದ ಸೂಜಿಗಳು, ಜೋಡಿ ತಪ್ಪಿದ ಹುಕ್ಕುಗಳು ಇರುವುದು ಲೋಕರೂಢಿ; ಈಗ ಅವುಗಳ ನಡುವೆ ಮೂರು ಬಗೆಯ ಕಣ್ಣಿನ ಮದ್ದುಗಳೂ ಸಂಸಾರ ಹೂಡಿವೆ. ದಾರ ಹುಡುಕುವ ಕೈಗೆ ಮದ್ದಿನ ಬಾಟಲಿ ಸಿಗುತ್ತದೆ, ಮದ್ದು ಹುಡುಕುವ ಕೈಗೆ ಸೂಜಿ ಚುಚ್ಚುತ್ತದೆ. ತೆಕ್ಕಟ್ಟೆಯಲ್ಲಿ ಹೆದ್ದಾರಿಯಿಂದ ಒಂದು ಕೂಗಳತೆ ಒಳಗಿರುವ ನಮ್ಮ ಮನೆಯ ಜಗಲಿಯೇ ನನ್ನ ಅಂಗಡಿ. ನೀವು ಅಲ್ಲಿಗೆ ಬಂದವರಲ್ಲದಿರಬಹುದು. ಆದರೂ ಬಂದಿದ್ದೀರಿ, ಅಳತೆ ಕೊಡುವ ಮೊದಲು ಸ್ಟೂಲಿನ ಮೇಲೆ ಕುಳಿತು ಒಂದು ಲೋಟ ನೀರು ಕುಡಿಯುತ್ತಿದ್ದೀರಿ ಎಂದೇ ಭಾವಿಸಿ ಈ ಮೂರರ ಕಥೆ ಹೇಳುತ್ತೇನೆ. ಯಾವುದು ಒಳ್ಳೆಯದೆಂದು ಕೊನೆಯಲ್ಲಿ ನೀವೇ ಹೇಳಿ. ನಾನು ತೀರ್ಮಾನಿಸಲು ಹೋಗಿ ಸಾಕಷ್ಟು ಪೇಚಾಡಿದ್ದೇನೆ.

ಮೊದಲು ಕಣ್ಣಿನೊಳಗೆ ಮರಳು ಬಿದ್ದಂತಾಯಿತು. ಕಡಲ ಕರೆಯವರು ನಾವು, ಮರಳು ನಮಗೆ ಹೊಸದಲ್ಲ, ಹೆದ್ದಾರಿಯ ಧೂಳೂ ಹೊಸದಲ್ಲ. ತೊಳೆದರೆ ಹೋದೀತೆಂದು ತೊಳೆದೆ. ನಂದಿಬಟ್ಟಲ ಹೂವನ್ನು ನೀರಿನಲ್ಲಿ ನೆನೆಸಿ ರೆಪ್ಪೆಯ ಮೇಲಿಟ್ಟುಕೊಂಡೆ. ತಂಪಾಯಿತು, ಹೂವು ತೆಗೆದೊಡನೆ ಮರಳು ಮರಳಿ ಬಂತು. ಕೆಂಪಾದ ಕಣ್ಣನ್ನು ಕಂಡ ಗಿರಾಕಿಗಳು ಅಂಟುವ ಬೇನೆಯೆಂದು ಹೆದರಿ, ರವಿಕೆಯ ತುಂಡನ್ನು ಜಗಲಿಯ ತುದಿಯಲ್ಲೇ ಇಟ್ಟು, ನನ್ನ ಮುಖ ನೋಡದೆ ಅಂಗಳದ ಬಾಳೆಗಿಡಕ್ಕೆ ಅಳತೆ ಹೇಳಿ ಹೋಗತೊಡಗಿದರು. ಕಡೆಗೆ ಕುಂದಾಪುರದ ಕಣ್ಣಿನ ಡಾಕ್ಟರರ ಬಳಿ ಹೋದೆ. ಅವರು ನನ್ನ ಕೆಳರೆಪ್ಪೆಗೆ ಕಾಗದದ ಸಣ್ಣ ಪಟ್ಟಿಯೊಂದನ್ನು ಸಿಕ್ಕಿಸಿ ಅದೆಷ್ಟು ಒದ್ದೆಯಾಗುತ್ತದೆಂದು ಕಾದರು. ಅದು ಒದ್ದೆಯಾಗಲು ಸುತರಾಂ ಒಪ್ಪಲಿಲ್ಲ. “ನಿಮಗೆ ಕಣ್ಣೀರು ಕಡಿಮೆ” ಎಂದರು. ಜೊತೆಗೆ ಬಂದಿದ್ದ ನನ್ನ ಯಜಮಾನರು ಬಸ್ಸು ಹತ್ತುವವರೆಗೆ ಹೇಗೋ ತಡೆದುಕೊಂಡು, ಸೀಟು ಸಿಕ್ಕಿದೊಡನೆ ಕೇಳಿದರು: “ನಿಂಗೆ ಕಣ್ಣೀರ್ ಕಮ್ಮಿಯಾ? ಹಂಗಾರೆ ಇಷ್ಟ್ ವರ್ಷ ನಾ ಕಂಡದ್ದ್ ಎಂತ ಮರಾಯ್ತಿ?”

ವಯಸ್ಸಿನ ಜೊತೆಗೆ ನನ್ನ ಕಸುಬೂ ಇದಕ್ಕೆ ಕಾರಣವೆಂದು ಡಾಕ್ಟರು ಹೇಳಿದ್ದರು. ಸೂಜಿಯ ಮೊನೆಯನ್ನೇ ನೋಡುತ್ತ ಕುಳಿತವರು ರೆಪ್ಪೆ ಬಡಿಯುವುದನ್ನು ಮರೆಯುತ್ತಾರಂತೆ. ರೆಪ್ಪೆ ಬಡಿದಾಗಲೆಲ್ಲ ಕಣ್ಣಿನ ಮೇಲೆ ತೇವ ಸವರಿ ಹೋಗುತ್ತದೆ, ಬಡಿಯದಿದ್ದರೆ ಒಣಗುತ್ತದೆ. ಎವೆಯಿಕ್ಕದೆ ಕೆಲಸ ಮಾಡುವವಳೆಂದು ಜನ ನನ್ನನ್ನು ಹೊಗಳಿದ್ದುಂಟು, ನಾನು ಹಿಗ್ಗಿದ್ದೂ ಉಂಟು. ಹೊಗಳಿಕೆಯೇ ರೋಗದ ಹೆಸರಾಗಿಬಿಟ್ಟರೆ ಏನು ಮಾಡುವುದು? ದೇವತೆಗಳು ರೆಪ್ಪೆ ಬಡಿಯುವುದಿಲ್ಲ, ಅದಕ್ಕೇ ಅವರಿಗೆ ಅನಿಮಿಷರೆಂದು ಹೆಸರು ಎಂದು ಪುರಾಣದವರು ಹೇಳುತ್ತಾರೆ. ಅವರಿಗಾದರೆ ಅಮೃತವಿದೆ, ನಮಗೆ ಮೆಡಿಕಲ್ ಶಾಪಿನ ಹನಿಯೇ ಗತಿ.

ಮೊದಲು ಬಂದದ್ದು ತೆಳುವಾದ ಮದ್ದು. ನೀರಿನಂಥದು, ಉರಿಯಿಲ್ಲ, ಮಬ್ಬಿಲ್ಲ. ಬಿಟ್ಟ ಮರುಕ್ಷಣವೇ ಸೂಜಿಗೆ ದಾರ ಪೋಣಿಸಬಹುದು. ಆದರೆ ಅದು ನಿಲ್ಲುವ ಜಾತಿಯದಲ್ಲ, ಹೊಸ್ತಿಲಲ್ಲೇ ನಿಂತು ಕ್ಷೇಮ ಕೇಳಿ ಹೊರಡುವ ನೆಂಟರ ಹಾಗೆ. ದಿನಕ್ಕೆ ನಾಲ್ಕು ಸಲ ಕರೆಯಬೇಕು. ಆಗಾಗ ಹಾಕುವವರಿಗೆ ಬಾಟಲಿಯ ಮದ್ದು ಕೆಡದಂತೆ ಬೆರೆಸಿದ ರಾಸಾಯನಿಕವೇ ಕಣ್ಣಿಗೆ ತೊಂದರೆ ಕೊಡಬಹುದೆಂದು, ಅದೇ ಮದ್ದನ್ನು ಏನೂ ಬೆರೆಸದೆ ಒಂದೊಂದು ಹೊತ್ತಿಗೆ ಒಂದೊಂದರಂತೆ ತುಂಬಿಟ್ಟ ಪುಟ್ಟ ಪ್ಲಾಸ್ಟಿಕ್ ಕೊಳವೆಗಳನ್ನೂ ಡಾಕ್ಟರು ಕೊಟ್ಟರು. ಕತ್ತು ಮುರಿದು, ಹಿಂಡಿ, ಎಸೆಯುವುದು. ಕಣ್ಣಿಗೆ ಹಿತವೇ, ಆದರೆ ತುಂಡು ಬಟ್ಟೆಯನ್ನೂ ಎಸೆಯಲಾರದ ದರ್ಜಿಯ ಕೈಗೆ ಅರ್ಧ ಮದ್ದು ಉಳಿದ ಕೊಳವೆಯನ್ನು ಎಸೆಯುವುದು ಸಂಕಟ. ಮೂರನೆಯದು, ಬಹಳ ಆಮೇಲೆ ಬಂದದ್ದು, ಮಂದವಾದದ್ದು, ಗಂಜಿಯ ತೆಳಿಗಿಂತ ಗಟ್ಟಿ. ಸಂಜೆ ಒಂದು ಹನಿ ಬಿಟ್ಟರೆ ಮರುದಿನವೂ ಕಣ್ಣು ತಂಪು. ಒಂದೇ ಕುಂದು, ಬಿಟ್ಟ ಮೇಲೆ ಕೆಲಹೊತ್ತು ಲೋಕವೆಲ್ಲ ಮಸುಕು; ಎದುರಿಗಿದ್ದವರು ಗಂಡನೋ ಕೋಟು ನೇತುಹಾಕಿದ ಗೂಟವೋ ತಿಳಿಯುವುದಿಲ್ಲ.

ಯಾವ ಮದ್ದಾದರೇನು, ಅದು ಕಣ್ಣಿಗೆ ಬೀಳಬೇಕಲ್ಲ! ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ನಾನು ನನ್ನ ಕಣ್ಣಿಗೆ ಹನಿ ಬಿಡಲು ಹೋದರೆ ಅದು ಮೂಗಿಗೆ, ಕೆನ್ನೆಗೆ, ಒಮ್ಮೆಯಂತೂ ಕಿವಿಗೆ ಬಿತ್ತು. ಯಜಮಾನರು ನೆರವಿಗೆ ಬಂದರು. ಶಿವಮೊಗ್ಗದಲ್ಲಿ ಹೋಟೆಲು ನಡೆಸಿ, ಕಾದ ಕಾವಲಿಯ ಮುಂದೆ ವರುಷಗಟ್ಟಲೆ ನಿಂತ ಮನುಷ್ಯ. ಕಣ್ಣೆಂದರೆ ಮಾತ್ರ ಹೆದರಿಕೆ. ಬಾಟಲಿ ಬಗ್ಗಿಸುವ ಹೊತ್ತಿಗೆ ಸರಿಯಾಗಿ ತಮ್ಮ ಕಣ್ಣನ್ನೇ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ನನ್ನ ಹಣೆಗೆ ಅಭಿಷೇಕವಾದದ್ದಕ್ಕೆ ಲೆಕ್ಕವಿಲ್ಲ.

ಇನ್ನು ಗಿರಿಜಳ ವಿಷಯ ಹೇಳದೆ ವಿಧಿಯಿಲ್ಲ. ಅವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ನಮ್ಮ ಎರಡು ಮನೆಗಳಿಗೆ ಅಂಗಳ ಒಂದೇ, ತುಳಸಿಕಟ್ಟೆ ಒಂದೇ, ಬೆಕ್ಕು ಕೂಡ ಒಂದೇ. ಕಳೆದ ವರ್ಷ, ನಾನಿನ್ನೂ ಡಾಕ್ಟರರ ಬಳಿ ಹೋಗದಿದ್ದಾಗ, ನೆರೆಮನೆಯ ಸೀಮಂತದಲ್ಲಿ ಹತ್ತಾರು ಹೆಂಗಸರ ನಡುವೆ ಅವಳು ನಗುತ್ತ, “ನಮ್ ಅಕ್ಕನ ಹೊಲ್ಗಿ ಈಗೀಗ ಸೀದಾ ಬತ್ತಿಲ್ಲ. ಕಣ್ಣ್ ತೋರ್ಸ್ಕಂಡ್ ಬಾ ಅಂದ್ರೆ ಕೇಂತಿಲ್ಲ” ಎಂದಳು. ಅಡುಗೆಯವರ ಮುಂದೆ ಉಪ್ಪು ಜಾಸ್ತಿ ಎನ್ನಬಹುದು, ದರ್ಜಿಯ ಮುಂದೆ ಹೊಲಿಗೆ ಸೊಟ್ಟ ಎನ್ನುವುದುಂಟೆ? “ನಿನ್ ಬಾಯಿಗ್ ನಾಲ್ಕ್ ಹೊಲ್ಗಿ ಹಾಕುಕ್ ಈ ಕಣ್ಣೇ ಸಾಕ್” ಎಂದೆ. ಹೆಂಗಸರು ನಕ್ಕರು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ಗಂಡಸರು ಎಂದಿನಂತೆ ಮಾತಾಡುತ್ತಿದ್ದರು. ನಮ್ಮಿಬ್ಬರ ನಡುವೆ ಬೆಕ್ಕೇ ರಾಯಭಾರಿ. “ಬೆಕ್ಕೇ, ಮಳಿ ಬತ್ತ್, ಒಣ್ಗಿದ್ ಬಟ್ಟಿ ತೆಗಿ” ಎಂದು ಅವಳು ಆ ಕಡೆಯಿಂದ ಹೇಳಿದರೆ ನಾನು ಈ ಕಡೆ ಬಟ್ಟೆ ತೆಗೆಯುತ್ತಿದ್ದೆ. ಮಾತು ಬಿಟ್ಟದ್ದು ನಾವು, ಮೀನಿನ ಮುಳ್ಳು ಮಾತ್ರ ಬೆಕ್ಕಿಗೆ ಎರಡೂ ಮನೆಯಿಂದ ಸಿಗುತ್ತಿತ್ತು.

ಒಂದು ಮಧ್ಯಾಹ್ನ ಯಜಮಾನರು ಹಾಲಾಡಿಗೆ ಹೋಗಿದ್ದರು. ನಾನು ಜಗಲಿಯ ಕುರ್ಚಿಯಲ್ಲಿ ಒರಗಿ ತೆಳು ಮದ್ದಿನೊಂದಿಗೆ ಸೆಣಸುತ್ತಿದ್ದೆ. ಒಂದು ಹನಿ ಕೆನ್ನೆಗೆ ಹೋಯಿತು, ಇನ್ನೊಂದು ಹುಬ್ಬಿಗೆ. ಚಪ್ಪಲಿಯ ಸಪ್ಪಳವಾಯಿತು; ಯಾರೋ ಕೈಯಿಂದ ಬಾಟಲಿ ಕಿತ್ತುಕೊಂಡರು; ಗಲ್ಲವನ್ನು ಮೇಲೆತ್ತಿ, ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಎಳೆದು, ಒಂದು ಕಣ್ಣಿಗೊಂದು, ಇನ್ನೊಂದಕ್ಕೊಂದು ಹನಿ ಬಿಟ್ಟರು. ನಾನು ಕಣ್ಣು ಪಿಳುಕಿಸಿ ನೋಡುವಷ್ಟರಲ್ಲಿ ಗಿರಿಜ ಅಂಗಳ ದಾಟಿ ತನ್ನ ಮೆಟ್ಟಿಲು ಹತ್ತುತ್ತಿದ್ದಳು. ಒಂದು ಮಾತಿಲ್ಲ. ಸಂಜೆ ಮತ್ತೆ ಬಂದಳು. ಮರುದಿನ ಬೆಳಿಗ್ಗೆಯೂ ಬಂದಳು. ದಿನಕ್ಕೆ ನಾಲ್ಕು ಹೊತ್ತು ಎಂಬುದನ್ನು ಬೆಕ್ಕು ಹೇಳಿರಲಾರದು, ಮೈದುನ ಹೇಳಿರಬೇಕು.

ಮುಖ ಕಂಡರಾಗದವರು ಎನ್ನುತ್ತಾರಲ್ಲ, ಅಂಥ ಇಬ್ಬರನ್ನು ಈ ಮದ್ದು ಹೇಗೆ ಕೂರಿಸುತ್ತದೆ ನೋಡಿ. ಹನಿ ಬಿಡಿಸಿಕೊಳ್ಳುವವರು ಕತ್ತು ಹಿಂದಕ್ಕೆ ಚಾಚಬೇಕು, ಕೈ ಕೆಳಗಿರಬೇಕು, ಕಣ್ಣು ಮುಚ್ಚುವಂತಿಲ್ಲ; ಬಿಡುವವರ ಮುಖವನ್ನು ಗೇಣು ದೂರದಿಂದ ನೋಡಲೇಬೇಕು. ಅವಳ ಮೂಗುತಿಯ ಒಂದು ಹರಳು ಬಿದ್ದು ಹೋದದ್ದು, ಹುಬ್ಬಿನಲ್ಲಿ ಬೆಳ್ಳಿಕೂದಲು ಮೂಡಿದ್ದು ನನಗೆ ಕಂಡದ್ದು ಆಗಲೇ. ಇಷ್ಟು ವರುಷ ನನ್ನೆದುರು ಹೆಂಗಸರು ತೋಳೆತ್ತಿ, ಉಸಿರು ಸಡಿಲ ಬಿಟ್ಟು, ಅಳತೆ ಕೊಡುತ್ತ ನಿಂತಿದ್ದರು. ಬೇರೆಯವರ ಕೈಗೆ ತನ್ನನ್ನು ಹಾಗೆ ಒಪ್ಪಿಸಿ ನಿಲ್ಲುವುದು ಎಷ್ಟು ದೊಡ್ಡ ನಂಬಿಕೆಯೆಂದು ನನಗೆ ಆ ಕುರ್ಚಿಯಲ್ಲಿ ಒರಗಿದಾಗ ತಿಳಿಯಿತು. ನಾನು ಅವಳ ಬರವಿಗಾಗಿ ಕಾಯತೊಡಗಿದೆ. ಕಾಯುತ್ತಿರುವುದು ತಿಳಿಯಬಾರದೆಂದು ಆ ಹೊತ್ತಿಗೆ ಸರಿಯಾಗಿ ಯಂತ್ರದ ಗಾಲಿಗೆ ಎಣ್ಣೆ ಬಿಡುತ್ತಿದ್ದೆ.

ಈ ನಡುವೆ ಗಿರಿಜಳ ಮಗಳು ರಶ್ಮಿಗೆ ಬೈಂದೂರಿನ ಕಡೆ ಸಂಬಂಧ ಕೂಡಿ ಬಂತು. ತೊಟ್ಟಿಲಿನ ಅಂಗಿಯಿಂದ ಶಾಲೆಯ ಯೂನಿಫಾರ್ಮಿನವರೆಗೆ ಆ ಹುಡುಗಿ ತೊಟ್ಟದ್ದೆಲ್ಲ ನನ್ನ ಯಂತ್ರದಿಂದ ಇಳಿದದ್ದು. ಅವಳ ಧಾರೆ ಸೀರೆಯ ರವಿಕೆಯೂ ಅಲ್ಲಿಂದಲೇ ಇಳಿಯಬೇಕೆಂಬುದು ನನ್ನ ಬಹುದಿನದ ಆಸೆ. ಬೇರೆ ಯಾರೋ ಹೊಲಿದದ್ದನ್ನು ತೊಟ್ಟು ಅವಳು ಮಂಟಪದಲ್ಲಿ ನಿಂತರೆ ನಾನು ಹೇಗೆ ನೋಡಲಿ? ಕುಂಭಾಶಿಯ ಗಿರಾಕಿಯೊಬ್ಬರು, “ಮದಿ ರವ್ಕಿ ಬ್ರಹ್ಮಾವರದಲ್ ಹೊಲ್ಸ್ತ್ರಂಬ್ರ್, ಹೌದಾ?” ಎಂದು ಮದುವೆಯ ರವಿಕೆ ಬೇರೆ ದರ್ಜಿಯ ಪಾಲಾಗುವ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ನಾಲ್ಕು ಹೊತ್ತು ಬಂದು ಹೋಗುವವಳು ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಆ ವಾರವೇ ಡಾಕ್ಟರು ಕಣ್ಣನ್ನು ಮತ್ತೆ ಪರೀಕ್ಷಿಸಿ, ತೆಳುವಾದದ್ದು ಸಾಲುತ್ತಿಲ್ಲವೆಂದು ಮಂದ ಮದ್ದಿನ ಒಂದು ಹನಿಯನ್ನು ಅಲ್ಲೇ ಬಿಟ್ಟು, ಅದರ ಹೊಸ ಬಾಟಲಿಯೊಂದನ್ನು ಕೊಟ್ಟು ಕಳುಹಿಸಿದರು. ಮರುದಿನ ನನ್ನ ಹೊಲಿಗೆ ಗೆರೆ ಎಳೆದಂತೆ ಬಂತು. “ಇದನ್ನು ದಿನಕ್ಕೊಮ್ಮೆ ಹಾಕಿ, ಸಾಕು” ಎಂದಿದ್ದರು. ದಿನಕ್ಕೊಮ್ಮೆ! ಅಂದರೆ ಗಿರಿಜ ಬರುವುದೂ ದಿನಕ್ಕೊಮ್ಮೆ. ನನ್ನ ಪೇಚು ನಿಮಗೆ ಅರ್ಥವಾಯಿತೆ? ರವಿಕೆ ಹೊಲಿಯಬೇಕಾದರೆ ಕಣ್ಣು ಬೇಕು, ಅದಕ್ಕೆ ಮಂದ ಹನಿ ಬೇಕು. ರವಿಕೆ ನನ್ನ ಕೈಗೆ ಬರಬೇಕಾದರೆ ಗಿರಿಜ ಬೇಕು, ಅದಕ್ಕೆ ತೆಳು ಹನಿ ಬೇಕು. ಒಂದು ಕೈಯಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಬಾಟಲಿ ಹಿಡಿದು ಬಹಳ ಹೊತ್ತು ಕುಳಿತೆ. ಮಂದ ಮದ್ದನ್ನು ಮುಚ್ಚಳ ತೆಗೆಯದೆ ಡ್ರಾಯರಿಗೆ ಹಾಕಿ ತೆಳುವಾದದ್ದನ್ನೇ ಮುಂದುವರಿಸಿದೆ. ಕಣ್ಣು ಮತ್ತೆ ಕೆಂಪಾಯಿತು, ಹೊಲಿಗೆ ಮತ್ತೆ ಬಾಗಿತು. ಮಾಡಿದ್ದು ಪೆದ್ದುತನವೆಂದು ಗೊತ್ತಿತ್ತು. ಆದರೂ ಅಂಗಳದಲ್ಲಿ ಚಪ್ಪಲಿಯ ಸಪ್ಪಳ ಕೇಳಿದಾಗ ಸಂತೋಷವಾಗುತ್ತಿತ್ತು.

ಒಂದು ಸಂಜೆ ತುಳಸಿಗೆ ದೀಪವಿಟ್ಟು ಬಂದವಳು ಮದ್ದಿಗಾಗಿ ತಾನೇ ಡ್ರಾಯರು ಎಳೆದಳು. ಮಂದ ಮದ್ದು ಕೈಗೆ ಸಿಕ್ಕಿತು. ದೀಪದ ಕಡೆಗೆ ಹಿಡಿದು ತಿರುಗಿಸಿ ನೋಡಿದಳು. ಹೇಳಲು ಹತ್ತಿರದಲ್ಲಿ ಬೆಕ್ಕು ಇರಲಿಲ್ಲ.

“ಇದ್ರ ಮುಚ್ಚಳ ತೆಗಿಲೇ ಇಲ್ಲ, ಎಂತಕೆ?” ಎಂದಳು.

ಒಂದು ವರುಷದ ಮೇಲೆ ಅವಳು ನನಗೇ ಆಡಿದ ಮೊದಲ ಮಾತು. ಸುಳ್ಳು ಹೇಳಲು ನನಗೆ ತೋಚಲಿಲ್ಲ. “ಅದಾರೆ ದಿನಕ್ ಒಂದೇ ಸಲ ಸಾಕ್ ಅಂದೇಳಿ ಡಾಕ್ಟ್ರ್ ಹೇಳಿರ್” ಎಂದೆ.

ಮುಚ್ಚಳ ತಿರುಗಿಸಿದ ಸದ್ದು ಕೇಳಿತು. ನನ್ನ ಗಲ್ಲ ಎತ್ತಿ, “ಮೇಲ್ ಕಾಣ್” ಎಂದಳು. ಹನಿ ಬಿತ್ತು. “ಮದ್ದ್ ಇಲ್ದಿರೆ ನಂಗ್ ಬಪ್ಪುಕ್ ಆತಿಲ್ಯಾ ಅಕ್ಕ?” ಎಂದಳು.

ಲೋಕವೆಲ್ಲ ಮಸುಕಾಯಿತು, ಅಂಗಳದ ದೀಪ ಒಂದು ಹಳದಿ ಹೂವಿನಷ್ಟು ದೊಡ್ಡದಾಯಿತು. ಅವಳು ಹೋದ ಸಪ್ಪಳ, ಮರಳಿ ಬಂದ ಸಪ್ಪಳ. ಮಡಿಲಲ್ಲಿ ಏನೋ ಭಾರವಾದದ್ದು ಇಳಿಯಿತು. ಕಾಣದ ಕಣ್ಣಿಗಿಂತ ಬೆರಳು ಚುರುಕು: ಹೊಸ ರೇಷ್ಮೆ, ಮೂರು ಬೆರಳಗಲ ಜರಿಯ ಅಂಚು, ಇನ್ನೂ ಮಡಿಕೆ ಬಿಡಿಸದ ಧಾರೆ ಸೀರೆ.

“ಹೊಲ್ಗಿ ಸೀದಾ ಬರ್ಕ್, ಕಾಣ್” ಎಂದಳು, ಸೀಮಂತದ ದಿನದ ಅದೇ ದನಿಯಲ್ಲಿ.

“ನೀ ಮದ್ದ್ ಸೀದಾ ಬಿಟ್ರೆ ಹೊಲ್ಗಿ ಸೀದಾ ಬತ್ತ್” ಎಂದೆ. ಅವಳ ಮುಖ ನನಗೆ ಕಾಣಲಿಲ್ಲ, ನಕ್ಕದ್ದು ಕೇಳಿಸಿತು.

ರವಿಕೆಯ ಕೈಗಳು ಕೂಡಿವೆ, ಕೊರಳಿನ ಅಂಚು ಬಾಕಿಯಿದೆ. ಡ್ರಾಯರಿನಲ್ಲಿ ಕೊಳವೆಗಳು ಒಂದೆರಡು ಉಳಿದಿವೆ, ತೆಳು ಮದ್ದು ಮೂಲೆಯಲ್ಲಿ ಮಲಗಿದೆ, ಮಂದವಾದದ್ದು ಕೆಂಪು ದಾರದ ಉಂಡೆಗೆ ಒರಗಿ ಕುಳಿತಿದೆ. ಡಾಕ್ಟರರನ್ನು ಕೇಳಿದರೆ ಅವರು ಮೂರನೆಯದನ್ನೇ ಮೆಚ್ಚುತ್ತಾರೆ, ಅದು ಸರಿಯೂ ಹೌದು. ಮಧ್ಯಾಹ್ನದ ಊಟವಾದ ಮೇಲೆ ನನ್ನ ಕಣ್ಣಿಗೆ ಈಗ ಯಾವ ಮದ್ದೂ ಇಲ್ಲ. ಆ ಹೊತ್ತಿಗೆ ಗಿರಿಜ ಅಂಗಳ ದಾಟಿ ಬರುತ್ತಾಳೆ, ಬರಿಗೈಯಲ್ಲಿ. ನಾನು ಅಭ್ಯಾಸಬಲದಿಂದ ಕತ್ತು ಹಿಂದಕ್ಕೆ ಚಾಚಿ ಅವಳ ಮುಖ ನೋಡುತ್ತೇನೆ.