ಕ್ಯಾಪ್ಟನ್ ರಾಜೇಂದ್ರರ ತಲೆಸುತ್ತು

ಬೆಳಗಾದರೆ ಕೆರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಣ್ಣು ಮುಚ್ಚಿಕೊಂಡು, ದೂರದಲ್ಲಿ ಬರುವ ಬಸ್ಸಿನ ಬೋರ್ಡನ್ನು ಗಟ್ಟಿಯಾಗಿ ಓದುವವರು ಯಾರೆಂದು ಕೇಳಬೇಕಾಗಿಲ್ಲ. ವಿಮಾನ ಹಾರಿಸುತ್ತಿದ್ದ ಕ್ಯಾಪ್ಟನ್ ರಾಜೇಂದ್ರ. ವೈದ್ಯಕೀಯ ಪರೀಕ್ಷೆಯಲ್ಲಿ ಅನ್‌ಫಿಟ್ ಎನಿಸಿಕೊಂಡು ಊರಿಗೆ ಬಂದು ವರ್ಷವಾದರೂ ಅವರ ಸಿಟ್ಟು ಇಳಿದಿಲ್ಲ. ಬಸ್ಸು ನಿಂತರೆ ಸಾಕು, ಡ್ರೈವರ್ ಸಂತೋಷನ ಮೇಲೆ ಹರಿಹಾಯುತ್ತಾರೆ: "ಲೇ, ನೀನು ಕಣ್ಣು ತೋರ್ಸಿ ಎಷ್ಟ್ ವರ್ಸ ಆಯ್ತ್ಲಾ? ನಂಗೆ ಆರ್ ತಿಂಗ್ಳಿಗೊಂದ್ಸಲ ಕಣ್ಣು, ಕಿವಿ, ಎದೆ, ಉಚ್ಚೆ, ಎಲ್ಲಾ ನೋಡೋರು ಕಣ್ಲಾ!" ಹೋಟೆಲಿನ ಕಾಫಿಗೆ ಸಕ್ಕರೆ ಬಿದ್ದಿದ್ದರೆ ಲೋಟ ಕುಕ್ಕುತ್ತಾರೆ. ಬೀಗರೂಟದ ಪಂಕ್ತಿಯಲ್ಲಿ ಬೋಟಿ ಗೊಜ್ಜು ಎಲೆಗೆ ಬೀಳುವ ಮುನ್ನವೇ ಎರಡೂ ಕೈ ಅಡ್ಡ ಹಿಡಿದು, "ಕೊಲೆಸ್ಟ್ರಾಲು!" ಎಂದು ಬಡಿಸುವವನನ್ನೇ ಬೈಯುತ್ತಾರೆ. ಪರೀಕ್ಷೆ ಮಾಡಿದ ಡಾಕ್ಟರಿಗಂತೂ ದಿನವೂ ಮಂಗಳಾರತಿ: "ಒಂದೇ ಒಂದ್ಸಲ ತಲೆ ಸುತ್ತಿದ್ದಕ್ಕೆ ಮನೇಲಿ ಕೂರ್ಸುದ್ನಲ್ಲ!" ಮೊನ್ನೆ ತಾಯಿ ಮಂಚಮ್ಮ ತಾಳಲಾರದೆ, "ಆ ತಲೆಸುತ್ತು ಯಾವ ಮಿಸಿನ್ಗೂ ಸಿಕ್ಕಿರ್ನಿಲ್ವಲ್ಲ. ನೀನಾಗೇ ಯಾಕ್ಲಾ ಮಗ ಬಾಯ್ಬುಟ್ಟೆ?" ಎಂದು ಕೇಳಿಬಿಟ್ಟರು. ರಾಜೇಂದ್ರ ಅದೇ ಸಿಟ್ಟಿನಲ್ಲಿ ಗದರಿದರು: "ನನ್ ಬೆನ್ನಿಂದೆ ನೂರೆಂಬತ್ತು ಜನ ಕುಂತಿರ್ತಾರೆ ಕಣವ್ವ!"