ಅಂಕಲ್‌ರ ಸ್ಕೀ ಹಲಗೆಗಳ ಬಾಗು

ಕಳೆದ ಭಾನುವಾರ ಹೊಸ ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಸವರುತ್ತಿದ್ದೆ. ಆ ವಾಸನೆಗೆ ವುಡ್‌ಲ್ಯಾಂಡ್ಸ್ ಬಡಾವಣೆಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಂಕಲ್ ನೆನಪಾದರು...

ಗದಗಿನ ಕಡೆಯವರು. ಹಡಗಿನ ಇಂಜಿನಿಯರ್ ಆಗಿ ನಿವೃತ್ತರಾಗಿದ್ದರು. ಅವರ ಹಾಲ್‌ನ ಮೂಲೆಯಲ್ಲಿ ಅವರಿಗಿಂತ ಎತ್ತರದ ಎರಡು ಮರದ ಸ್ಕೀ ಹಲಗೆಗಳಿದ್ದವು. ವರ್ಷವಿಡೀ ಬೆವರುವ ಊರಿನಲ್ಲಿ ಹಿಮದ ಮೇಲೆ ಜಾರುವ ಹಲಗೆ! ಹಡಗು ರಿಪೇರಿಗೆಂದು ನಾರ್ವೆಯಲ್ಲಿ ನಿಂತ ಒಂದು ಚಳಿಗಾಲ, ಇವರು ಉಳಿದುಕೊಂಡಿದ್ದ ಮನೆಯ ಮುದುಕ ಜಾರುವುದನ್ನು ಕಲಿಸಿ, ಹೊರಡುವಾಗ ತನ್ನ ಹಳೆಯ ಜೋಡಿಯನ್ನೇ ಕೊಟ್ಟನಂತೆ. ಬೂಟು ಸಿಕ್ಕಿಸಲು ಎರಡು ಕಬ್ಬಿಣದ ಕಿವಿ, ಒಂದು ಚರ್ಮದ ಪಟ್ಟಿ, ಅಷ್ಟೆ. "ಬೂಟಿನ ತುದಿ ಮಾತ್ರ ಕಟ್ಟೋದ್ರಿ. ಹಿಮ್ಮಡಿ ಫ್ರೀ ಇರಬೇಕು, ಇಲ್ಲಾಂದ್ರೆ ನಡಿಯೋಕೆ ಆಗಲ್ಲ," ಎನ್ನುತ್ತಿದ್ದರು.

ಹಲಗೆಗಳ ನಡುಭಾಗ ಬಿಲ್ಲಿನ ಹಾಗೆ ತುಸು ಮೇಲಕ್ಕೆ ಬಾಗಿತ್ತು. ಆ ಬಾಗು ಹೋದರೆ ಹಲಗೆ ಕೆಲಸಕ್ಕೆ ಬಾರದು. ಅದಕ್ಕೇ ಎರಡರ ತಳಗಳನ್ನೂ ಎದುರುಬದುರು ಸೇರಿಸಿ, ನಡುವೆ ಒಂದು ಮರದ ತುಂಡಿಟ್ಟು, ತುದಿಗಳನ್ನು ಕಟ್ಟಿಡುತ್ತಿದ್ದರು. ತಿಂಗಳಿಗೊಮ್ಮೆ ಬಿಚ್ಚಿ, ಊರಿಂದ ತರಿಸಿದ ಅಗಸೆ ಎಣ್ಣೆ ಸವರಿ, ಜೋಡಿಸಿದಾಗ ಉಳಿಯುವ ಸಂದಿಯಲ್ಲಿ ಬೆರಳು ತೂರಿಸಿ ನೋಡುತ್ತಿದ್ದರು. "ಜೀವ ಐತಿ ನೋಡ್ರಿ," ಎಂದು ನಗುತ್ತಿದ್ದರು.

ಮಗಳ ಬಾಣಂತನಕ್ಕೆಂದು ಅಂಕಲ್, ಆಂಟಿ ಇಬ್ಬರೂ ಐದು ತಿಂಗಳು ಸಿಡ್ನಿಗೆ ಹೋದರು. ಅವರ ಮನೆಯಲ್ಲಿ ರಿನೋವೇಶನ್ ಇದ್ದುದರಿಂದ ಹಲಗೆಗಳು ನಮ್ಮ ಮನೆಗೆ ಬಂದವು. ಕಟ್ಟಿದ್ದನ್ನು ಬಿಚ್ಚಬೇಡಿ ಎಂದು ಹೇಳಿಯೇ ಹೋಗಿದ್ದರು. ಆದರೆ ನಡುವೆ ಉಬ್ಬಿದ್ದ ಆ ಕಟ್ಟು ಬೀರುವಿನ ಹಿಂದೆ ಹಿಡಿಸಲಿಲ್ಲ. ನಾನೋ ಅತಿ ಬುದ್ಧಿವಂತ. ಮರದ ತುಂಡು ತೆಗೆದು, ಎರಡನ್ನೂ ಒತ್ತಿ ಬಿಗಿದು ಒಳಗೆ ತಳ್ಳಿದೆ. ತುಂಡು ಅಲುಗಾಡುವ ವಾಷಿಂಗ್ ಮೆಷಿನ್ನಿನ ಅಡಿ ಸೇರಿತು. ಅವರು ಬರುವ ಹಿಂದಿನ ದಿನ ಅದನ್ನು ಮತ್ತೆ ಜಾಗದಲ್ಲಿಟ್ಟು ಮೊದಲಿನಂತೆ ಕಟ್ಟಿದೆ.

ಅಂಕಲ್ ನನ್ನೆದುರೇ ಬಿಚ್ಚಿದರು. ತುಂಡು ತೆಗೆದು ಜೋಡಿಸಿದರೆ ಹಲಗೆಗಳು ಒಂದಕ್ಕೊಂದು ಅಂಟಿಕೊಂಡು ಕೂತವು. ಬೆರಳು ಹೋಗಲಿಲ್ಲ.

"ನಾನೇ ಕಟ್ಟೋದು ತಪ್ಪೀನಿ ನೋಡ್ರಿ. ವಯಸ್ಸಾತು, ಕೈಯಾಗ ಹಿಡಿತ ಇಲ್ಲ," ಎಂದರು.

"ಇಲ್ಲಿನ ಹ್ಯುಮಿಡಿಟಿ, ಅಂಕಲ್," ಎಂದೆ.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಅವರು. ಆಮೇಲೆ ಅವರು ಎಣ್ಣೆ ಸವರುವುದನ್ನೇ ಬಿಟ್ಟರು. ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಮೂರು ವರ್ಷ ಅವರ ಜೊತೆ ಲಿಫ್ಟಿನಲ್ಲಿ ಹತ್ತಿದೆ, ಇಳಿದೆ. ನಾಚಿಕೆಯಾಗುತ್ತಿತ್ತು... ಅಷ್ಟರಲ್ಲಿ ಅಂಕಲ್ ತೀರಿಕೊಂಡರು.

ಆಂಟಿ ಮಗಳ ಹತ್ತಿರ ಶಿಫ್ಟ್ ಆಗುವಾಗ ಹಲಗೆಗಳನ್ನು ನಮ್ಮ ಬಾಗಿಲಿಗೆ ತಂದರು. "ನಿಮಗೇ ಕೊಡಬೇಕು ಅಂತ ಹೇಳಿದ್ರು. ಅವತ್ತು ನೀವು ಅಷ್ಟು ಜೋಪಾನ ಮಾಡಿದ್ರಲ್ಲ, ಅದಕ್ಕೆ."

ಈಗ ಅವು ನಮ್ಮ ಹಾಲ್‌ನ ಗೋಡೆಗೆ ಒರಗಿವೆ. ಮನೆಗೆ ಬಂದವರು ಯಾರದು ಎಂದು ಕೇಳುತ್ತಾರೆ. ಎದುರು ಮನೆ ಅಂಕಲ್‌ರದು ಎನ್ನುತ್ತೇನೆ. ಉಳಿದದ್ದನ್ನು ನನ್ನ ಬಾಯಿಂದ ಕೇಳಬೇಕಾಗಿದ್ದವರು ಅಂಕಲ್ ಒಬ್ಬರೇ.