ಕಾಕು, ಕಾಕಾ ಮತ್ತು ಒಂದು ಕಿಮೋನೊ

ತೊಂಬತ್ತರ ದಶಕದ ಮೊದಲಲ್ಲಿ, ಅಥಣಿಯ ನಮ್ಮ ಓಣಿಯ ಗಣಪತಿ ಪೆಂಡಾಲಿನಲ್ಲಿ ಒಂದು ಸಂಜೆ ಏಷ್ಯಾದ ಬೇರೆ ಬೇರೆ ದೇಶಗಳ ಊಟ, ಉಡುಗೆಗಳನ್ನು ನಾವೇ ಉಂಡು, ಉಟ್ಟು ನೋಡುವ ಕಾರ್ಯಕ್ರಮವಿತ್ತು. ಒಂದು ಮೂಲೆಯಲ್ಲಿ ಜನ ಚೀನೀಯರ ಹಾಗೆ ಎರಡು ಕಡ್ಡಿ ಹಿಡಿದು ಶೇಂಗಾ ಎತ್ತಲು ಒದ್ದಾಡುತ್ತಿದ್ದರು. ಇನ್ನೊಂದು ಕಡೆ, ಜಪಾನಿಗೆ ಹೋಗಿಬಂದಿದ್ದ ಶಿಕ್ಷಕಿಯೊಬ್ಬರು ನನ್ನ ಕಾಕುಗೆ, ಅಂದರೆ ಚಿಕ್ಕಮ್ಮನಿಗೆ, ಸೀರೆಯ ಮೇಲೆಯೇ ಕಿಮೋನೊ ಸುತ್ತಿ ಬಿಗಿದರು.

ಕಾಕು ಪೇಟೆಗೆ ಹೊರಟರೆ ಅವಳ ಗಂಡ ಕಾಕಾ ಹಿಂದೆ ಓಡಬೇಕಾಗುತ್ತಿತ್ತು. ಆದರೆ ಆ ನಿಲುವಂಗಿಯಲ್ಲಿ ಅವಳು ಗೇಣುದ್ದದ ಹೆಜ್ಜೆಗಿಂತ ಹೆಚ್ಚು ಇಡಲಾರದಾದಳು. ಕಾಕಾ ಆರಾಮಾಗಿ ಅವಳ ಪಕ್ಕದಲ್ಲೇ ನಡೆದ.

"ಅಕ್ಕೋರ, ಭಾಳ ಚಲೋ ಐತ್ರಿ ಇದು. ಮನೀಗೆ ಒಂದ ಸಿಗತೈತೇನ್ರಿ?" ಎಂದು ಶಿಕ್ಷಕಿಯನ್ನು ಕೇಳಿದ.

"ಗಂಡಸರೂ ಉಡತಾರಂತ. ಬರ್ರಿ ಇಲ್ಲೆ," ಎಂದಳು ಕಾಕು.

ಬೇಡ ಬೇಡವೆನ್ನುತ್ತಿದ್ದಂತೆಯೇ ಕಾಕು ಬಿಚ್ಚಿಕೊಟ್ಟ ಕಿಮೋನೊ ಕಾಕಾನ ಧೋತರದ ಮೇಲೇರಿತು. "ಚಹಾ ಕುಡಿಯೂಣು, ಲಗೂ ಬರ್ರಿ," ಎಂದು ಕಾಕು ಹೊರಟೇಬಿಟ್ಟಳು.

"ಏ, ನಿಂದ್ರ, ನಿಂದ್ರ!" ಎನ್ನುತ್ತ ಕಾಕಾ ಪುಟಪುಟನೆ ಹಿಂಬಾಲಿಸಿದ. ಯಾರೋ ಪರದೇಶದವರು ಬಂದರೆಂದು ಚಹಾದಂಗಡಿಯವನು ಎದ್ದು ನಿಂತು, ಕೈ ಮುಗಿದು, ಹಿಂದಿಯಲ್ಲಿ ಸ್ವಾಗತಿಸಿದ. ಕಾಕಾ ಅವನನ್ನು ಕನ್ನಡದಲ್ಲೇ ಬೈದ.